ಬಿಸಿನೀರ ಸ್ನಾನವೂ ಅಪಸ್ಮಾರವೂ: ನಗರ ಸೀಮೆಯ ಒಂದು ಆಚಾರ ಮತ್ತು ಕನ್ನಡನಾಡಿನ ವೈದ್ಯಚರಿತ್ರೆ

1

ನಾಡಿನ ಚರಿತ್ರೆಯನ್ನು ಬರೆಯುವವರು ಅರಮನೆ, ರಣರಂಗ, ದೇವಾಲಯಗಳ ಕಡೆಗೆ ಹರಿಸುವಷ್ಟು ಗಮನವನ್ನು ಬಚ್ಚಲುಮನೆಯ ಕಡೆಗೆ ಹರಿಸುವುದಿಲ್ಲ. ಆದರೆ ರೋಗಗಳ ಚರಿತ್ರೆಯು ಬಹುಮಟ್ಟಿಗೆ ಜನರ ನಿತ್ಯಾಚಾರಗಳ ಚರಿತ್ರೆಯೇ ಆಗಿರುವುದರಿಂದ, ಆ ಸಣ್ಣ ಕೋಣೆಯನ್ನೂ ಒಂದು ಆಕರವೆಂದು ಪರಿಗಣಿಸಬೇಕಾಗುತ್ತದೆ. ತಲೆಯ ಮೇಲೆ ಬಿಸಿನೀರು ಸುರಿದಾಗ ಕಾಣಿಸಿಕೊಳ್ಳುವ ಅಪಸ್ಮಾರವು ಇದಕ್ಕೆ ನಿದರ್ಶನ. ಜಗತ್ತಿನ ಬಹುಭಾಗಗಳಲ್ಲಿ ವಿರಳವಾದ ಈ ರೋಗಪ್ರಭೇದವನ್ನು ದೊಡ್ಡ ಸಂಖ್ಯೆಯಲ್ಲಿ ಕಂಡು ವಿವರಿಸಿ, ಅದರ ಚಿಕಿತ್ಸೆಯನ್ನು ವ್ಯವಸ್ಥೆಗೊಳಿಸಿದವರಲ್ಲಿ ಕನ್ನಡನಾಡಿನ ವೈದ್ಯರು ಅಗ್ರಗಣ್ಯರು.

ನಗರ ಸೀಮೆಯೆಂದು ನಾವಿಲ್ಲಿ ಕರೆಯುವುದು ಕೆಳದಿಯ ಅರಸರ ಕಡೆಯ ರಾಜಧಾನಿಯಾದ ಬಿದನೂರನ್ನೂ ಅದರ ಸುತ್ತಣ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನೂ. 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡು ಹೈದರ್ ನಗರವೆಂದು ಹೆಸರಿಟ್ಟನು. ಆ ಹೆಸರಿನ ಉತ್ತರಾರ್ಧವೇ ಇಂದಿಗೂ ಉಳಿದಿದೆ. ಈ ಸೀಮೆಯಲ್ಲಿ ಅಪಸ್ಮಾರವು ಇತರೆಡೆಗಳಿಗಿಂತ ಹೆಚ್ಚೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಬಿಸಿನೀರ ಸ್ನಾನದ ಆಚಾರವು ಇಲ್ಲಿ ಎದ್ದು ಕಾಣುವುದರಿಂದ, ಶಾಸ್ತ್ರ, ಮನೆ, ಆಸ್ಪತ್ರೆ ಎಂಬ ಮೂರರ ಸಂಬಂಧವನ್ನು ಇಲ್ಲಿಂದ ನೋಡುವುದು ಅನುಕೂಲವೆಂದು ಭಾವಿಸಿದ್ದೇವೆ.

2

ಅಪಸ್ಮಾರವೆಂಬ ಶಬ್ದದ ಅರ್ಥ ಸ್ಮೃತಿಯು ತೊಲಗುವುದು ಎಂದು. ಚರಕಸಂಹಿತೆಯು ಈ ರೋಗವನ್ನು ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಪ್ರತ್ಯೇಕ ಅಧ್ಯಾಯಗಳಲ್ಲಿ ವಿಚಾರಿಸಿ, ವಾತ, ಪಿತ್ತ, ಕಫ, ಸನ್ನಿಪಾತಗಳಿಂದ ಬರುವ ನಾಲ್ಕು ಬಗೆಗಳನ್ನು ಹೇಳುತ್ತದೆ. ಆಗಂತುಕ ಕಾರಣಗಳನ್ನು ಅದು ಸಂಪೂರ್ಣವಾಗಿ ಅಲ್ಲಗಳೆಯಲಿಲ್ಲವೆಂಬುದು ನಿಜ. ಆದರೂ ಶೋಧನಕರ್ಮ, ಪಂಚಗವ್ಯಘೃತ ಮೊದಲಾದ ಔಷಧಗಳನ್ನು ವಿಧಿಸುವಾಗ ಅದು ರೋಗವನ್ನು ಶರೀರದ ವ್ಯಾಪಾರವೆಂದೇ ಎಣಿಸಿತು. ಔಷಧಗಳಿಗಿಂತಲೂ ನಮ್ಮ ಗಮನವನ್ನು ಸೆಳೆಯುವುದು ಅದೇ ಚಿಕಿತ್ಸಾಧ್ಯಾಯದ ಒಂದು ಎಚ್ಚರಿಕೆ: ಇಂತಹ ರೋಗಿಯನ್ನು ನೀರು, ಬೆಂಕಿ, ಮರ, ಬೆಟ್ಟಗಳಿಂದ ಸದಾ ಕಾಪಾಡಬೇಕು, ಅವು ತತ್‌ಕ್ಷಣವೇ ಪ್ರಾಣವನ್ನು ಹರಿಸಬಲ್ಲವು ಎಂದು ಅಲ್ಲಿ ಹೇಳಿದೆ.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರ್ಯೆಯನ್ನು ಹೇಳುವ ಅಧ್ಯಾಯವು ಇನ್ನೊಂದು ದಿಕ್ಕಿನಿಂದ ಇದೇ ವಿಷಯದ ಸಮೀಪಕ್ಕೆ ಬರುತ್ತದೆ. ಬಿಸಿನೀರನ್ನು ದೇಹದ ಕೆಳಭಾಗಕ್ಕೆ ಎರೆದುಕೊಂಡರೆ ಬಲವುಂಟಾಗುವುದೆಂದೂ, ಅದೇ ನೀರನ್ನು ತಲೆಗೆ ಎರೆದುಕೊಂಡರೆ ಕೂದಲು ಮತ್ತು ಕಣ್ಣುಗಳ ಬಲ ಕುಂದುವುದೆಂದೂ ಅವನ ಅಭಿಪ್ರಾಯ. ವಾಗ್ಭಟನು ಇಲ್ಲಿ ಅಪಸ್ಮಾರದ ಮಾತನ್ನೆತ್ತಿಲ್ಲ. ಆದಕಾರಣ ಪ್ರಾಚೀನರಿಗೆ ಬಿಸಿನೀರಿನ ಅಪಸ್ಮಾರವು ತಿಳಿದಿತ್ತೆಂದು ಈ ವಾಕ್ಯದಿಂದ ಊಹಿಸುವುದು ಸಾಧುವಲ್ಲ. ತಲೆಗೂ ಉಳಿದ ದೇಹಕ್ಕೂ ನೀರಿನ ಬಿಸಿಯಲ್ಲಿ ಭೇದವಿರಬೇಕೆಂದು ವೈದ್ಯಶಾಸ್ತ್ರವು ವಿಧಿಸಿತ್ತೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಇಂತಹ ಶಾಸ್ತ್ರಜ್ಞಾನವು ನಗರ ಸೀಮೆಗೆ ಅಪರಿಚಿತವಾಗಿರಲಿಲ್ಲ. ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವು ಆಯುರ್ವೇದದ ವಿಷಯಗಳನ್ನೂ ಒಳಗೊಂಡಿದೆ. ಹೀಗಿದ್ದರೂ ಗ್ರಂಥದಲ್ಲಿರುವ ವಿಧಿಯೆಲ್ಲವೂ ಮನೆಯ ನಡವಳಿಕೆಯಾಗುವುದಿಲ್ಲ.

3

ಮಲೆನಾಡಿನಲ್ಲಿ ಮನೆಯ ನಡವಳಿಕೆಯನ್ನು ನಿರ್ಣಯಿಸಿದುದು ಮುಖ್ಯವಾಗಿ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ತೋಟ ಗದ್ದೆಗಳಲ್ಲಿ ನೆನೆದು ಬಂದವರಿಗೆ ಬಚ್ಚಲೊಲೆಯ ಬೆಂಕಿ ಮತ್ತು ಹಂಡೆಯ ನೀರು ಸುಖದ ಸಾಧನಗಳಷ್ಟೇ ಅಲ್ಲ, ಅವಶ್ಯಕತೆಗಳೂ ಆಗಿದ್ದವು. ಕಾಡು ಮತ್ತು ತೋಟಗಳು ಸೌದೆಯನ್ನು ಧಾರಾಳವಾಗಿ ಒದಗಿಸುತ್ತಿದ್ದವು. ಮೈಗೆ ಎಣ್ಣೆ ಹಚ್ಚಿ, ಸೀಗೆಪುಡಿಯಿಂದ ತಲೆಯುಜ್ಜಿ, ಹಬೆಯಾಡುವ ನೀರನ್ನು ತಂಬಿಗೆಯಿಂದ ಬಿಡುವಿಲ್ಲದೆ ನೆತ್ತಿಯ ಮೇಲೆ ಎರೆಯುವುದು ಆರೋಗ್ಯದ ಲಕ್ಷಣವೆಂದು ಎಣಿಸಲ್ಪಟ್ಟಿತು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬವೆಂದು ಹಂಡೆಗೇ ಪೂಜೆ ಸಲ್ಲುತ್ತದೆ. ಹೊಸ ಅಳಿಯನಿಗೆ ಅತ್ತೆಯ ಮನೆಯಲ್ಲಿ ಎಣ್ಣೆನೀರಿನ ಉಪಚಾರ ನಡೆಯುತ್ತದೆ.

ಚರಕನು ದೂರವಿಡಬೇಕೆಂದ ನೀರು ಮತ್ತು ಬೆಂಕಿ ಎರಡೂ ಈ ಬಚ್ಚಲಿನಲ್ಲಿ ಒಂದೆಡೆ ಇವೆ. ಇಂತಹ ಸ್ಥಳದಲ್ಲಿ ಒಬ್ಬ ಹುಡುಗನು ನೀರೆರೆದುಕೊಳ್ಳುತ್ತಿದ್ದಂತೆಯೇ ಮಂಕಾಗಿ, ಕರೆದರೆ ಓಗೊಡದೆ, ಕೆಲವೊಮ್ಮೆ ಕೈಕಾಲು ಸೆಟೆದು ಬಿದ್ದರೆ ಮನೆಯವರಿಗೆ ಏನನ್ನಿಸಬಹುದು? ಸೋಂಕು, ಗಾಳಿ, ದೃಷ್ಟಿ ಎಂಬ ವ್ಯಾಖ್ಯಾನಗಳು ಸಿದ್ಧವಾಗಿಯೇ ಇದ್ದವು. ಬೇರೆ ಹೊತ್ತಿನಲ್ಲಿ ಆರೋಗ್ಯವಾಗಿಯೇ ಇರುವ ವ್ಯಕ್ತಿಗೆ ಒಂದೇ ಸ್ಥಳದಲ್ಲಿ ಹೀಗಾಗುವುದು ಆ ನಂಬಿಕೆಯನ್ನು ಬಲಪಡಿಸಿತೇ ಹೊರತು ನೀರಿನ ಬಿಸಿಯನ್ನು ಸಂಶಯಿಸುವಂತೆ ಮಾಡಲಿಲ್ಲ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಮೊದಲಾದ ಉಪಾಯಗಳು ಫಲಿಸಿದಂತೆ ಕಾಣುತ್ತಿದ್ದುದಕ್ಕೆ ಕಾರಣ ಸರಳವಾದುದು: ಹೆಚ್ಚಿನ ಸೆಳವುಗಳು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ.

4

ಆಧುನಿಕ ವೈದ್ಯಸಂಸ್ಥೆಗಳ ಪ್ರವೇಶವು ಈ ಸ್ಥಿತಿಯನ್ನು ಕೂಡಲೇ ಬದಲಾಯಿಸಲಿಲ್ಲ. ಬೆಂಗಳೂರಿನಲ್ಲಿ 19ನೆಯ ಶತಮಾನದ ಮಧ್ಯದಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯ ಪರಂಪರೆಯಲ್ಲಿಯೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ರೂಪುಗೊಂಡವು. ಪಶ್ಚಿಮದಲ್ಲಿ 1857ರಲ್ಲಿ ಬ್ರೋಮೈಡ್, 1912ರಲ್ಲಿ ಫಿನೋಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್ ಬಳಕೆಗೆ ಬಂದಿದ್ದವು. 1929ರಲ್ಲಿ ಹಾನ್ಸ್ ಬರ್ಗರನು ಮನುಷ್ಯನ ಮೆದುಳಿನ ವಿದ್ಯುತ್ತರಂಗಗಳ ಚಿತ್ರಣವನ್ನು ಪ್ರಕಟಿಸಿದ ತರುವಾಯ ಅಪಸ್ಮಾರವು ಮೆದುಳಿನ ವಿದ್ಯುದ್ವ್ಯಾಪಾರದ ಏರುಪೇರೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವೂ ದೊರಕತೊಡಗಿತು.

ಬಿಸಿನೀರಿನಿಂದ ಬರುವ ಅಪಸ್ಮಾರವನ್ನು 1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯನು ವರ್ಣಿಸಿದ್ದನು. ಅಲ್ಲಿ ಅದು ಅಪೂರ್ವ ಸಂಗತಿಯಾಗಿಯೇ ಉಳಿಯಿತು. 1968ರಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಭಾರತದ ನರವೈದ್ಯಪತ್ರಿಕೆಯಲ್ಲಿ ಇದರ ಪ್ರಾಥಮಿಕ ವರದಿಯನ್ನು ಪ್ರಕಟಿಸಿದರು. 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ ಇದು ದಕ್ಷಿಣ ಭಾರತದಲ್ಲಿ ವಿರಳವಲ್ಲವೆಂಬುದು ಸ್ಪಷ್ಟವಾಯಿತು. ರೋಗವು ಗಂಡಸರಲ್ಲಿ ಹೆಚ್ಚು. ಮಕ್ಕಳಲ್ಲಿಯೂ ಹರೆಯದವರಲ್ಲಿಯೂ ಆರಂಭವಾಗುವುದು ಸಾಮಾನ್ಯ. ಸುಮಾರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ತಲೆಗೆ ಬೇಗ ಬೇಗನೆ ಸುರಿದುಕೊಳ್ಳುವುದೇ ಪ್ರಚೋದಕವೆಂದು ತಿಳಿದುಬಂದಿತು. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ರೋಗವಿದ್ದುದು ಕಂಡಿತು. 2009ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಇಂತಹ ಕುಟುಂಬಗಳನ್ನು ಪರೀಕ್ಷಿಸಿ, 10ನೆಯ ವರ್ಣತಂತುವಿನ ಒಂದು ಭಾಗಕ್ಕೂ ರೋಗಕ್ಕೂ ಇರುವ ನಂಟನ್ನು ತೋರಿಸಿದರು. ಹುಟ್ಟಿನಿಂದ ಬಂದ ಒಲವು ಮತ್ತು ಆಚಾರದಿಂದ ಬಂದ ಪ್ರಚೋದನೆ ಎರಡೂ ಕೂಡಿದಲ್ಲಿ ರೋಗವು ಪ್ರಕಟವಾಗುತ್ತದೆಂದು ಇದರಿಂದ ತಿಳಿಯಬಹುದು.

ಚಿಕಿತ್ಸೆಯ ಮೊದಲ ಮೆಟ್ಟಿಲು ಔಷಧಾಲಯದಲ್ಲಿಲ್ಲ, ಬಚ್ಚಲಿನಲ್ಲಿಯೇ ಇದೆ. ನೀರನ್ನು ಉಗುರುಬೆಚ್ಚಗಾಗಿಸುವುದು, ತಲೆಗೆ ಒಮ್ಮೆಲೇ ಸುರಿಯದಿರುವುದು, ಒಳಗಿನಿಂದ ಅಗಳಿ ಹಾಕದಿರುವುದು, ಉರಿಯುವ ಒಲೆಯಿಂದ ದೂರ ಕುಳಿತುಕೊಳ್ಳುವುದು: ಇಷ್ಟರಿಂದಲೇ ಅನೇಕರಿಗೆ ಸೆಳವು ತಪ್ಪುತ್ತದೆ. ಸಾಲದಿದ್ದರೆ ತಲೆಸ್ನಾನಕ್ಕೆ ಮುಂಚೆ ಮಾತ್ರ ಕ್ಲೋಬಜಾಮ್ ಗುಳಿಗೆಯನ್ನು ಸೇವಿಸುವ ಕ್ರಮವನ್ನು ವೈದ್ಯರು ಸೂಚಿಸುತ್ತಾರೆ. ಕೆಲವರಿಗೆ ಕಾಲಕ್ರಮದಲ್ಲಿ ನೀರಿನ ಸಂಬಂಧವಿಲ್ಲದೆಯೂ ಸೆಳವು ಬರುವುದುಂಟು. ಅವರಿಗೆ ಇತರ ಅಪಸ್ಮಾರಿಗಳಂತೆಯೇ ನಿತ್ಯದ ಔಷಧಿ ಬೇಕು. ಸರಿಯಾದ ಔಷಧಿಯನ್ನು ತಪ್ಪದೆ ಸೇವಿಸಿದರೆ ಅಪಸ್ಮಾರಿಗಳಲ್ಲಿ ಸುಮಾರು ನೂರಕ್ಕೆ 70 ಮಂದಿ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಔಷಧಿಗೆ ಮಣಿಯದ ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಉಂಟು. ವೈದ್ಯರನ್ನು ಕೇಳದೆ ಔಷಧಿಯನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕರ. ಸೆಳವು ಬಂದವನನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ಏನನ್ನೂ ಇಡಬಾರದು. 5 ನಿಮಿಷಗಳಿಗಿಂತ ಹೆಚ್ಚು ಕಾಲ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

5

ಚಿಕಿತ್ಸೆ ಇಷ್ಟು ಸುಲಭವಾಗಿದ್ದರೂ ರೋಗಿಯು ವೈದ್ಯನಲ್ಲಿಗೆ ಬರಲು ತಡವಾಗುವುದೇಕೆ? ಇದಕ್ಕೆ ಉತ್ತರವನ್ನು ವಿವಾಹದ ಚರಿತ್ರೆಯಲ್ಲಿಯೂ ಅರಸಬೇಕು. ಮನುಸ್ಮೃತಿಯ ಮೂರನೆಯ ಅಧ್ಯಾಯವು, ಎಷ್ಟೇ ಸಿರಿವಂತವಾಗಿದ್ದರೂ ಸಂಬಂಧ ಬೆಳೆಸಬಾರದ ಕುಲಗಳ ಪಟ್ಟಿಯಲ್ಲಿ ಅಪಸ್ಮಾರವುಳ್ಳ ಕುಲವನ್ನೂ ಸೇರಿಸಿದೆ. ಇಲ್ಲಿ ದೋಷವು ರೋಗಿಯೊಬ್ಬನದಲ್ಲ, ಮನೆತನದ್ದು. 1955ರ ಹಿಂದೂ ವಿವಾಹ ಅಧಿನಿಯಮದ ಮೂಲಪಾಠದಲ್ಲಿ ವಿವಾಹದ ಷರತ್ತುಗಳಲ್ಲಿ ಅಪಸ್ಮಾರದ ಹೆಸರಿರಲಿಲ್ಲ. 1976ರ ತಿದ್ದುಪಡಿಯು ಮರಳಿ ಮರಳಿ ಬರುವ ಹುಚ್ಚಿನ ಜೊತೆಗೆ ಅದನ್ನೂ ಸೇರಿಸಿತು. 1999ರ ತಿದ್ದುಪಡಿಯಿಂದ ಆ ಶಬ್ದವನ್ನು ತೆಗೆದುಹಾಕಲಾಯಿತು. ಔಷಧಿಗಳು ಬಳಕೆಗೆ ಬಂದು ಎಷ್ಟೋ ದಶಕಗಳಾದ ಮೇಲೂ, 23 ವರ್ಷಗಳ ಕಾಲ ಕಾನೂನೇ ಈ ರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಸಾರಿತೆಂಬುದು ಗಮನಾರ್ಹ.

ಇದರ ಫಲವಾಗಿ ಮನೆತನಗಳು ರೋಗವನ್ನು ಮುಚ್ಚಿಟ್ಟವು. ಮುಚ್ಚಿಟ್ಟ ರೋಗವು ಬಯಲಾಗುವುದು ಅಳಿಯನ ಮೊದಲ ದೀಪಾವಳಿಯ ಎಣ್ಣೆನೀರಿನಲ್ಲಿಯೇ ಆಗಬಹುದು. ಹಿಂದಿನ ದಿನ ಅತ್ತೆಮನೆಗೆ ತಿಳಿಸಿದ್ದರೆ ಹಂಡೆಗೆ ನಾಲ್ಕು ಕೊಡ ತಣ್ಣೀರು ಬೆರೆಸಿ ತಪ್ಪಿಸಬಹುದಾಗಿದ್ದ ಸೆಳವಿಗೆ ವಂಚನೆಯೆಂಬ ಹೆಸರು ಬರುತ್ತದೆ. ರೋಗಕ್ಕಿಂತ ಗೋಪನವೇ ಇಲ್ಲಿ ಹೆಚ್ಚು ಹಾನಿಯನ್ನು ಮಾಡುತ್ತದೆ.

ಒಟ್ಟಿನಲ್ಲಿ, ಶಾಸ್ತ್ರವು ತಲೆಗೆ ಬಿಸಿನೀರು ಸಲ್ಲದೆಂದಿತು. ಮನೆಯು ತನ್ನ ಹವೆಗೆ ತಕ್ಕಂತೆ ಬೇರೆ ದಾರಿ ಹಿಡಿಯಿತು. ಆಸ್ಪತ್ರೆಯು, ಸೆಳವು ಯಾವಾಗ, ಎಲ್ಲಿ ಬರುತ್ತದೆಂದು ರೋಗಿಯನ್ನು ಕೇಳಿ ಅವನ ಮನೆಯಿಂದಲೇ ಉತ್ತರವನ್ನು ಪಡೆಯಿತು. ಆ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರಿಸುವ ಧೈರ್ಯವು ಮನೆಮನೆಗೂ ಬರುವವರೆಗೆ ಈ ಅಧ್ಯಾಯವು ಮುಗಿಯಿತೆಂದು ನಾವು ಬರೆಯುವಂತಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಸ್ನಾನ, ಆಹಾರ, ಉಪಚಾರಗಳ ಕ್ರಮವನ್ನು ಹಿರಿಯರಿಂದ ಕೇಳಿ ಬರೆದಿಟ್ಟರೆ, ಚರಿತ್ರೆಗೆ ಆಕರಗಳು ಒದಗುವುದರ ಜೊತೆಗೆ ಯಾವುದೋ ಮನೆಯ ರೋಗಿಗೆ ಉಪಕಾರವೂ ಆದೀತು.