ನಡೆಸಿ ನೋಡುವ ಪರೀಕ್ಷೆ: ಟಿಎಂಟಿ ನಮ್ಮೂರಿಗೆ ಬಂದ ದಾರಿ

"ಮೆಟ್ಟಿಲು ಹತ್ತುವಾಗ ಎದೆ ಹಿಡಿದಂಗಾಯ್ತದೆ. ಒಂದ್ಗಳಿಗೆ ನಿಂತ್ರೆ ಸರಿಹೋಯ್ತದೆ. ಗ್ಯಾಸ್ ಇರಬೇಕು."

ಮುಡುಕುತೊರೆ ಬೆಟ್ಟದಲ್ಲೋ ಚಾಮುಂಡಿ ಬೆಟ್ಟದಲ್ಲೋ ಇಂಥ ಮಾತು ನಾವೆಲ್ಲ ಕೇಳಿದ್ದೇವೆ. ಹೆಚ್ಚುಕಡಿಮೆ ಇದನ್ನೇ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ 1768ರಲ್ಲಿ ವೈದ್ಯರ ಸಭೆಯ ಮುಂದೆ ಹೇಳಿದರು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಮೇಲೆ ಎದೆ ಹಿಂಡುತ್ತದೆ, ನಿಂತರೆ ಮಾಯ. ಅದಕ್ಕೆ ಅವರಿಟ್ಟ ಹೆಸರು ಆಂಜೈನಾ. ಕಾರಣ ಮಾತ್ರ ಅವರಿಗೆ ಗೊತ್ತಾಗಲಿಲ್ಲ.

ಕಾರಣ ನಮ್ಮ ನಾಲೆ ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ನಾಲೆಯಲ್ಲಿ ಹೂಳು ತುಂಬಿದ್ದರೂ ನಾಲ್ಕು ಗದ್ದೆಗೆ ನೀರು ಸಾಕು. ಎಲ್ಲರೂ ಒಟ್ಟಿಗೆ ನಾಟಿಗೆ ಇಳಿದಾಗಲೇ ಕೊನೆ ಭಾಗದ ರೈತನಿಗೆ ಕೊರತೆ. ಹೃದಯಕ್ಕೆ ರಕ್ತ ಕೊಡುವ ನಾಳವೂ ಹಾಗೆ. ಕೂತಾಗ ಸಾಕಾಗುವ ರಕ್ತ, ಏರು ಹತ್ತುವಾಗ ಸಾಲದು.

ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಐಂಥೋವನ್ ಇಸಿಜಿ ಯಂತ್ರ ರೂಪಿಸಿ 1924ರಲ್ಲಿ ನೊಬೆಲ್ ಪಡೆದರು. ಆ ಮೊದಲ ಯಂತ್ರ ಎರಡು ಕೋಣೆ ತುಂಬುತ್ತಿತ್ತು. ರೋಗಿ ಕೈಕಾಲನ್ನು ಉಪ್ಪುನೀರಿನಲ್ಲಿ ಅದ್ದಿ ಕೂರಬೇಕಿತ್ತು. ಆದರೆ ಕೂತವನ ಇಸಿಜಿ ಹೂಳು ತುಂಬಿದ ನಾಳವನ್ನು ಎಷ್ಟೋ ಸಲ ತೋರಿಸುವುದಿಲ್ಲ.

1929ರಲ್ಲಿ ನ್ಯೂಯಾರ್ಕಿನ ವೈದ್ಯ ಆರ್ಥರ್ ಮಾಸ್ಟರ್ ಎರಡೇ ಮೆಟ್ಟಿಲಿನ ಸಣ್ಣ ಮರದ ಪೀಠ ಇಟ್ಟರು. ಒಂದು ಮೆಟ್ಟಿಲು 9 ಇಂಚು. ಒಂದೂವರೆ ನಿಮಿಷ ಹತ್ತಿ ಇಳಿಸಿ ನಾಡಿ, ಬಿಪಿ ನೋಡುತ್ತಿದ್ದರು; ಇಸಿಜಿ ಸೇರಿದ್ದು ಆಮೇಲೆ. ಅಲ್ಲಿಗೂ ಹತ್ತುತ್ತಿರುವಾಗ ಹೃದಯಕ್ಕೆ ಏನಾಗುತ್ತಿದೆ ಎಂಬುದು ಕಾಣುತ್ತಿರಲಿಲ್ಲ.

ಅದನ್ನು ಸಾಧ್ಯವಾಗಿಸಿದವರು ಅಮೆರಿಕದ ಸಿಯಾಟಲ್‌ನ ವೈದ್ಯ ರಾಬರ್ಟ್ ಬ್ರೂಸ್. ಇಸಿಜಿ ತಂತಿ ಅಂಟಿಸಿಯೇ ಓಡುವ ಪಟ್ಟಿಯ ಮೇಲೆ ನಡೆಸಿದರು. 1963ರಲ್ಲಿ ಅವರು ಪ್ರಕಟಿಸಿದ ಕ್ರಮವೇ ಇವತ್ತಿಗೂ ಹೆಚ್ಚು ಬಳಕೆಯಲ್ಲಿದೆ. ಶುರುವಿಗೆ ಗಂಟೆಗೆ 2.7 ಕಿ.ಮೀ. ವೇಗ, 3 ನಿಮಿಷಕ್ಕೊಮ್ಮೆ ವೇಗವೂ ಏರುವೂ ಹೆಚ್ಚುತ್ತವೆ. 220ರಲ್ಲಿ ವಯಸ್ಸು ಕಳೆದರೆ ನಾಡಿಯ ಅಂದಾಜು ಗರಿಷ್ಠ ಮಿತಿ. 50 ವರ್ಷದವರಿಗೆ 170, ಅದರ ಶೇ. 85, ಅಂದರೆ ಸುಮಾರು 145 ಮುಟ್ಟಿಸಿ ನೋಡುತ್ತಾರೆ.

ನಂಜನಗೂಡು, ಟಿ. ನರಸೀಪುರದವರಿಗೆ ಹೃದಯದ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಮೈಸೂರಿನ ಜಯದೇವ. ಕೆ.ಆರ್.ಎಸ್. ರಸ್ತೆಯ ಅದರ ಕಟ್ಟಡ ಉದ್ಘಾಟನೆಯಾಗಿದ್ದು 2018ರಲ್ಲಿ. ನಿಂತಿರುವ ಜಾಗ ನಾಲ್ವಡಿಯವರ ಕಾಲದ ಕ್ಷಯರೋಗ ಆಸ್ಪತ್ರೆಯ ಆವರಣ. ಕ್ಷಯದಿಂದ ತೀರಿಕೊಂಡ ಅವರ ತಂಗಿ ಕೃಷ್ಣಾಜಮ್ಮಣ್ಣಿ ಹೆಸರಿನದು. ನಮ್ಮ ಅಜ್ಜಂದಿರ ಕಾಲದ ಭಯ ಕ್ಷಯ. ನಮ್ಮ ಕಾಲದ್ದು ಹೃದಯಾಘಾತ.

ಆ ಭಯ 2025ರ ಜುಲೈನಲ್ಲಿ ಕಣ್ಣಿಗೆ ಕಂಡಿತು. ಹಾಸನದ ಸಾಲು ಸಾವಿನ ಸುದ್ದಿ ಬಂದದ್ದೇ ತಡ, ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ಏನೂ ತೊಂದರೆ ಇಲ್ಲದವರೂ ನಿಂತರು. ಅಂಥ ಕ್ಯೂನಲ್ಲಿ ನಿಜವಾಗಿ ಎದೆ ಹಿಂಡುವವನ ಸರದಿ ಹಿಂದೆ ಬೀಳುತ್ತದೆ. ಸುದ್ದಿ ಬರೆಯುವ ನಾವೂ ಇದನ್ನು ಯೋಚಿಸಬೇಕು.

ಟಿಎಂಟಿ ನಾರ್ಮಲ್ ಬಂದರೆ ಜೀವಮಾನದ ಗ್ಯಾರಂಟಿ ಸಿಕ್ಕಂತಲ್ಲ. ನಾಳದೊಳಗಿನ ಸಣ್ಣ ಕೊಬ್ಬಿನ ಗಡ್ಡೆಯೂ ಒಡೆದು ರಕ್ತ ಹೆಪ್ಪುಗಟ್ಟಬಹುದು. ಪಾಸಿಟಿವ್ ಬಂದ ಮಾತ್ರಕ್ಕೆ ಬ್ಲಾಕ್ ಇದೆ ಎಂದೂ ಅಲ್ಲ. ಹೆಂಗಸರಲ್ಲಿ ಹೀಗೆ ತಪ್ಪು ತೋರಿಸುವುದು ಹೆಚ್ಚು. ಮಂಡಿ ನೋವಿನಿಂದ ನಡೆಯಲಾಗದವರಿಗೆ ಬೇರೆ ಪರೀಕ್ಷೆಗಳಿವೆ.

ಹೋಗುವವರು ಹೊಟ್ಟೆ ತುಂಬ ಉಂಡು ಹೋಗಬೇಡಿ. ನುಂಗುವ ಮಾತ್ರೆಗಳ ಚೀಟಿ ಒಯ್ಯಿರಿ. ಕಾಲಿಗೆ ತೊಡರದ ಬಟ್ಟೆ ಇರಲಿ. ನಡೆಯುವಾಗ ಎದೆ ನೋವು, ತಲೆಸುತ್ತು ಬಂದರೆ ಆಗಲೇ ಹೇಳಿ, ಸಂಕೋಚ ಬೇಡ.

ಕೂತಾಗಲೇ ಎದೆ ಹಿಂಡಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಡಿದರೆ ಅದು ಟಿಎಂಟಿ ಮಾಡಿಸುವ ಹೊತ್ತಲ್ಲ. 108ಕ್ಕೆ ಕರೆ ಮಾಡಿ ಅಥವಾ ನೇರ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ.

ಹತ್ತಿದರೆ ನೋವು, ನಿಂತರೆ ವಾಸಿ ಎನ್ನುವವರು ನಿಮ್ಮ ಮನೆಯಲ್ಲಿದ್ದರೆ ಗ್ಯಾಸ್ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ಅವರು ಹೇಳಿದ್ದನ್ನು ಹಾಗೇ ಡಾಕ್ಟರಿಗೆ ಹೇಳಿ. ಆ ಒಂದು ಮಾತಿನಿಂದಲೇ ಈ ಪರೀಕ್ಷೆ ಹುಟ್ಟಿದ್ದು.