ಗಡಿಯ ಬಂದೂಕು, ಒಳಗಿನ ಊರು

ನಮ್ಮೂರು ಚಿಮ್ಮನಚೋಡಕ್ಕೆ ಇವತ್ತು ತೆಲಂಗಾಣದ ಗಡಿ ಹತ್ತಿರ. ಆ ಗಡಿ ಹುಟ್ಟಿದ್ದು 1956ರಲ್ಲಿ, ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದಾಗ. 1948ರಲ್ಲಿ ನಮ್ಮದು ನಿಜಾಮ ಸಂಸ್ಥಾನದ ಒಳಮಗ್ಗುಲಿನ ಊರು. ಇಂಡಿಯಾ ಶುರುವಾಗುತ್ತಿದ್ದದ್ದು ಪಡುವಣಕ್ಕೆ, ಕಲಬುರಗಿ ದಾಟಿ, ಅಕ್ಕಲಕೋಟೆ ಸೀಮೆಯಲ್ಲಿ. ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಕಾಲದ ಮಾತು ಬಂದಾಗ ಮಕ್ಕಳಿಗೆ ನಾನು ಮೊದಲು ಈ ದೂರವನ್ನೇ ಹೇಳುತ್ತಿದ್ದೆ.

ಸಂಸ್ಥಾನವನ್ನು ಇಂಡಿಯಾಕ್ಕೆ ಸೇರಿಸುವ ಹೋರಾಟ ಆರಂಭವಾದದ್ದು ಬರಿಗೈಯಲ್ಲಿ. 1947ರ ಆಗಸ್ಟ್ 7ರಂದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹಕ್ಕೆ ಕರೆಕೊಟ್ಟಿತು. ಎಂಟೇ ದಿನಕ್ಕೆ, ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೇ, ಅದರ ನಾಯಕ ಸ್ವಾಮಿ ರಮಾನಂದ ತೀರ್ಥರು ಬಂಧನಕ್ಕೊಳಗಾದರು. ಜೈಲುಗಳು ತುಂಬಿದ ಮೇಲೆ ಹೊರಗುಳಿದವರು ಗಡಿ ದಾಟಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಶಿಬಿರ ಕಟ್ಟಿದರು. ನಮ್ಮ ಕಡೆಯ ಹುಡುಗರು ಹೋಗುತ್ತಿದ್ದದ್ದು ದುಧನಿ, ವಾಗ್ದರಿಗಳಿಗೆ. ಅದು ಇಂಡಿಯಾದ ನೆಲ, ನಿಜಾಮನ ಪೊಲೀಸರು ಕಾಲಿಡುವಂತಿರಲಿಲ್ಲ. ರಾತ್ರಿ ಒಳಗೆ ನುಗ್ಗಿ ಕರೋಡಗಿರಿ ನಾಕಾಗಳ, ಅಂದರೆ ಸುಂಕದ ಕಟ್ಟೆಗಳ, ಮೇಲೆ ಬೀಳುವುದು, ಸಿಕ್ಕ ಬಂದೂಕು ಎತ್ತಿಕೊಂಡು ಹಿಂದಿರುಗುವುದು. ಒಂದು ನಾಕಾದ ಬಂದೂಕು ಮುಂದಿನ ನಾಕಾಕ್ಕೆ ದಾರಿ ಮಾಡಿತು. 1948ರ ಜನವರಿಯಲ್ಲಿ ನಾಂದೇಡ ಜಿಲ್ಲೆಯ ಉಮರಿಯಲ್ಲಿ ಮರಾಠವಾಡಾದ ಹೋರಾಟಗಾರರು ಬ್ಯಾಂಕನ್ನೇ ಲೂಟಿ ಮಾಡಿ ಹೋರಾಟಕ್ಕೆ ಹಣ ಒದಗಿಸಿದರು. ಆರು ತಿಂಗಳ ಹಿಂದೆ ಧ್ವಜ ಹಿಡಿದು ಜೈಲಿಗೆ ನಡೆದ ಚಳವಳಿ ಅಷ್ಟು ದೂರ ಬಂದಿತ್ತು. ಮೂಡಣದ ನಲಗೊಂಡ, ವರಂಗಲ್ಲಿನಲ್ಲಿ ಕಮ್ಯುನಿಸ್ಟ್ ದಳಗಳು ಅದಕ್ಕೂ ಮೊದಲೇ ಆಯುಧ ಹಿಡಿದಿದ್ದವು.

ಎದುರು ಪಕ್ಷವೂ ಕೈಕಟ್ಟಿ ಕೂತಿರಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿ ಊರೂರಿಗೆ ರಜಾಕಾರರ ತುಕಡಿ ನಿಲ್ಲಿಸಿದ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನ ಚಾಲಕ ಕರಾಚಿಯಿಂದ ಕದ್ದು ತಂದ ಆಯುಧಗಳನ್ನು ರಾತ್ರಿಹೊತ್ತು ಸಂಸ್ಥಾನದಲ್ಲಿ ಇಳಿಸುತ್ತಿದ್ದ. ನಮ್ಮ ನೆರೆಯ ಬೀದರಿನ ವಿಮಾನ ನಿಲ್ದಾಣವೂ ಅದಕ್ಕೆ ಬಳಕೆಯಾಯಿತು.

ಗಡಿಯ ಹಳ್ಳಿಯವನು ಒಂದು ರಾತ್ರಿ ನಡೆದರೆ ಇಂಡಿಯಾ ಮುಟ್ಟುತ್ತಿದ್ದ. ಚಿಮ್ಮನಚೋಡದವನು ಎಳೆಮಕ್ಕಳನ್ನು, ಎತ್ತುಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋದಾನು? ನಮ್ಮ ಆಯಿ ಹೇಳುತ್ತಿದ್ದಳು: ಜೋಳದ ಹಗೇವಿನೊಳಗೆ ಬಂಗಾರ ಇಟ್ಟರು, ಹರೆಯದ ಹುಡುಗಿಯರನ್ನೂ ಇಳಿಸಿದರು. ಕೊಂಚಾವರಂ ಅಡವಿಯೇ ಕೆಲವರ ಪಾಲಿಗೆ ಇಂಡಿಯಾ ಆಯಿತು. ನಾಕಾ ಸುಟ್ಟವರು ಬೆಳಗಾಗುವಷ್ಟರಲ್ಲಿ ಗಡಿಯಾಚೆ ಇರುತ್ತಿದ್ದರು. ಸೇಡು ಬೀಳುತ್ತಿದ್ದದ್ದು ಊರಲ್ಲೇ ಉಳಿದವರ ಮೇಲೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ನಮ್ಮ ಸೀಮೆ ಮರೆತಿಲ್ಲ, ಮರೆಯಲೂಬಾರದು.

ಸೆಪ್ಟೆಂಬರ್ 13ರಂದು ಇಂಡಿಯಾ ಸೇನೆಯ ಮೇಜರ್ ಜನರಲ್ ಚೌಧರಿಯವರ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ಹುಮನಾಬಾದ ಹಿಡಿದು ಜಹೀರಾಬಾದಿಗೆ ಸಾಗಿತು. 17ಕ್ಕೆ ನಿಜಾಮ ಶರಣಾಗಿ ಎಲ್ಲ ಮುಗಿಯಿತೆಂದು ಪಾಠಪುಸ್ತಕ ಹೇಳುತ್ತದೆ. ನಾನೂ ಹಾಗೆಯೇ ಕಲಿತವನು.

ಆದರೆ ಊರುಗಳಲ್ಲಿ ಸೇರಿಕೊಂಡ ಬಂದೂಕು, ಕತ್ತಿಗಳು 17ನೇ ತಾರೀಖಿಗೆ ಕೆಳಗಿಳಿಯಲಿಲ್ಲ. ರಜಾಕಾರರು ಓಡಿಹೋದ ಮೇಲೆ, ಅವರ ಜತೆ ಯಾವ ನಂಟೂ ಇಲ್ಲದ ಮುಸಲ್ಮಾನ ಒಕ್ಕಲಿಗ, ನೇಕಾರ, ಅಂಗಡಿಯವನ ಮೇಲೆ ಅವು ತಿರುಗಿದವು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅದೇ ನವೆಂಬರ್, ಡಿಸೆಂಬರಿನಲ್ಲಿ ಊರೂರು ಸುತ್ತಿತು. ಸೊಲ್ಲಾಪುರ ಮುಂತಾದ ಕಡೆಗಳಿಂದ ಬಂದ ಮತೀಯ ಸಂಘಟನೆಯವರೂ ಕೊಲೆ, ಲೂಟಿಯಲ್ಲಿ ಸೇರಿದ್ದರೆಂದು ಬರೆಯಿತು. ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂಬುದು ಅದರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಾದ ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡಗಳಲ್ಲೇ ಕಡಿಮೆಯೆಂದರೂ 18,000. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲೇ ಇಲ್ಲ.

ಶಿಬಿರಗಳಲ್ಲಿ ಪ್ರಾಣ ಪಣಕ್ಕಿಟ್ಟವರನ್ನು ನಾನು ಕೈಮುಗಿದು ನೆನೆಯುತ್ತೇನೆ. ಪ್ರತಿ ಸೆಪ್ಟೆಂಬರ್ 17ಕ್ಕೆ ಅವರ ಹೆಸರು ಓದುವ ವೇದಿಕೆಯ ಮೇಲೆಯೇ ಗೋರ್ಟಾದ ಸತ್ತವರ ಜತೆ ಆ 18,000 ಮಂದಿಯನ್ನೂ ನೆನೆಯಬೇಕೆಂದು ಕೇಳುತ್ತ ಬಂದಿದ್ದೇನೆ.