ಬ್ಯಾಡಗಿ ಮೆಣಸಿನಕಾಯಿ, ಮೈಸೂರಿನ ಜೀವರಸಾಯನಜ್ಞರು ಮತ್ತು ಉಲ್ಲೇಖಗಳ ಲೆಕ್ಕ

1980ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಬಯಾಲಜಿ’ ಪತ್ರಿಕೆಯ 18ನೇ ಸಂಪುಟದಲ್ಲಿ ಎರಡೇ ಪುಟಗಳ ಒಂದು ಲೇಖನ ಅಚ್ಚಾಯಿತು. ಬರೆದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಕೆ. ಸಾಂಬಯ್ಯ ಮತ್ತು ಎಂ. ಎನ್. ಸತ್ಯನಾರಾಯಣ. ಕೆಂಪು ಮೆಣಸಿನಕಾಯಿಗೂ ಅದರ ಖಾರದ ಸತ್ವವಾದ ಕ್ಯಾಪ್ಸೈಸಿನ್‌ಗೂ ಕೊಲೆಸ್ಟರಾಲ್ ತಗ್ಗಿಸುವ ಗುಣವಿದೆ ಎಂಬುದು ಅದರ ತಿರುಳು. ಮೆಣಸಿನಕಾಯಿಯನ್ನು ರಕ್ತಪರೀಕ್ಷೆಯ ಅಂಕಿಗಳ ಜೊತೆ ಸೇರಿಸಿದ ಕನ್ನಡನಾಡಿನ ಸಂಶೋಧನಾ ಪರಂಪರೆಯನ್ನು ಈ ಎರಡು ಪುಟಗಳಿಂದ ಓದತೊಡಗುವುದು ಉಚಿತ.

ಕ್ಯಾಪ್ಸೈಸಿನ್‌ನ ರಸಾಯನ ಚರಿತ್ರೆ ಯುರೋಪಿನದು. 1816ರಲ್ಲಿ ಬುಖೋಲ್ಟ್ಸ್ ಅದನ್ನು ಅಶುದ್ಧ ರೂಪದಲ್ಲಿ ಬೇರ್ಪಡಿಸಿದ. 1876ರಲ್ಲಿ ಥ್ರೆಶ್ ಹೆಸರಿಟ್ಟ. ಅದು ಉಣ್ಣುವವರ ರಕ್ತದಲ್ಲಿ, ಯಕೃತ್ತಿನಲ್ಲಿ ಏನು ಮಾಡುತ್ತದೆಂಬ ಪ್ರಶ್ನೆಯನ್ನು ಮೈಸೂರು ಬೆನ್ನುಹತ್ತಿದ್ದು ಸಹಜವೇ ಆಗಿತ್ತು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಈ ಸಂಸ್ಥೆಗೆ ಸಾಂಬಾರ ಪದಾರ್ಥ ದಿನನಿತ್ಯದ ವಿಷಯ. ಜಪಾನಿನ ಕವಾಡಾ ಮತ್ತು ಸಂಗಡಿಗರು ಹೆಚ್ಚು ಕೊಬ್ಬು ತಿಂದ ಇಲಿಗಳಲ್ಲಿ ಕ್ಯಾಪ್ಸೈಸಿನ್ ಪರಿಣಾಮ ಕುರಿತು ಬರೆದದ್ದು 1986ರಲ್ಲಿ, ಮೈಸೂರಿನ ಲೇಖನ ಬಂದು ಆರು ವರ್ಷಗಳ ಮೇಲೆ.

ಮುಂದೆ ಮೈಸೂರಿನ ಕೆಲಸ ಆಳಕ್ಕಿಳಿಯಿತು. 1987ರಲ್ಲಿ ಎಂ. ಆರ್. ಶ್ರೀನಿವಾಸನ್ ಮತ್ತು ಸತ್ಯನಾರಾಯಣ ಅವರು ಕ್ಯಾಪ್ಸೈಸಿನ್ ಜೊತೆಗೆ ಅರಿಸಿನದ ಕರ್ಕ್ಯುಮಿನ್ ಅನ್ನೂ ಪರೀಕ್ಷೆಗೊಡ್ಡಿದರು. 1991ರಲ್ಲಿ ಕೆ. ಶ್ರೀನಿವಾಸನ್ ಮತ್ತು ಸಾಂಬಯ್ಯ, ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿ ಮಾರ್ಪಡಿಸುವ ಯಕೃತ್ತಿನ ಕಿಣ್ವದ ಮೇಲೆ ಸಾಂಬಾರ ಪದಾರ್ಥಗಳ ಪ್ರಭಾವವನ್ನು ಅಳೆದರು. ನನ್ನ ದೃಷ್ಟಿಯಲ್ಲಿ ಈ ಪರಂಪರೆಯ ಗಟ್ಟಿ ಕೊಂಡಿ ಇದು: ಕೊಲೆಸ್ಟರಾಲ್ ಇಳಿಯುವುದೇ ಎಂಬಲ್ಲಿಂದ ಪ್ರಶ್ನೆ ಹೇಗೆ ಇಳಿಯುತ್ತದೆ ಎಂಬಲ್ಲಿಗೆ ಹೊರಳಿತು.

ಇಷ್ಟಾದರೂ ಹೆಚ್ಚಿನ ಉಲ್ಲೇಖ ದೊರೆತದ್ದು ಇಂಥ ಪ್ರಯೋಗ ಲೇಖನಗಳಿಗಲ್ಲ, ಸಮೀಕ್ಷಾ ಲೇಖನಗಳಿಗೆ. ವಿ. ಎಸ್. ಗೋವಿಂದರಾಜನ್ 1985ರಿಂದ ಕಂತುಕಂತಾಗಿ ಬರೆದ ಕ್ಯಾಪ್ಸಿಕಂ ಸಮೀಕ್ಷೆ, ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ 2004ರಲ್ಲಿ ಸಾಂಬಾರ ಪದಾರ್ಥಗಳು ಜೀರ್ಣಕ್ರಿಯೆಯನ್ನು ಚುರುಕುಗೊಳಿಸುವ ಬಗ್ಗೆ ಬರೆದದ್ದು, ಅದೇ ಕೆ. ಶ್ರೀನಿವಾಸನ್ ಅವರ 2007ರ ಕರಿಮೆಣಸಿನ ಸಮೀಕ್ಷೆ, ಇವನ್ನು ಜಗತ್ತಿನ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ. ಹೊಸದಾಗಿ ಬರೆಯುವವರು ಹಳೆಯ ಹತ್ತು ಲೇಖನ ಹುಡುಕುವ ಬದಲು ಒಂದು ಸಮೀಕ್ಷೆಯನ್ನು ಉಲ್ಲೇಖಿಸಿ ಮುಂದೆ ಹೋಗುತ್ತಾರೆ. ಇಲಿಗಳಿಗೆ ಆಹಾರ ತೂಗಿ ಹಾಕಿ, ರಕ್ತ ತೆಗೆದು ಅಳೆದವರ ದುಡಿಮೆ ಸಮೀಕ್ಷೆಯ ಲೆಕ್ಕದಲ್ಲಿ ಕರಗಿಹೋಗುತ್ತದೆ. ಗಾರ್‌ಫೀಲ್ಡ್ 1955ರಲ್ಲಿ ಉಲ್ಲೇಖ ಸೂಚಿಯನ್ನು ಕಲ್ಪಿಸಿದ್ದು ವಿಚಾರಗಳ ನಂಟನ್ನು ಹುಡುಕಿಕೊಡಲೆಂದು. 2005ರಲ್ಲಿ ಹಿರ್ಷ್ ಮುಂದಿಟ್ಟ ಎಚ್-ಸೂಚ್ಯಂಕ ಒಬ್ಬ ಸಂಶೋಧಕನ ಬದುಕಿನ ದುಡಿಮೆಯನ್ನು ಒಂದು ಅಂಕಿಗೆ ಇಳಿಸುತ್ತದೆ: ಕನಿಷ್ಠ 20 ಉಲ್ಲೇಖ ಪಡೆದ 20 ಲೇಖನಗಳಿದ್ದರೆ ಸೂಚ್ಯಂಕ 20. ಅದರಲ್ಲಿ ಪ್ರಯೋಗಕ್ಕೂ ಸಮೀಕ್ಷೆಗೂ ಭೇದವಿಲ್ಲ.

ದಕ್ಷಿಣದ ಹೆಸರುಗಳಿಗೆ ಮತ್ತೂ ಒಂದು ತೊಡಕಿದೆ. ಒಂದೇ ಸಂಸ್ಥೆಯಲ್ಲಿ, ಒಂದೇ ವಿಷಯದ ಮೇಲೆ ಇಬ್ಬರು ಶ್ರೀನಿವಾಸನ್‌ಗಳು ಬರೆದಿದ್ದಾರೆ. ಅವರನ್ನು ಬೇರೆ ಮಾಡುವುದು ಇನಿಷಿಯಲ್ ಮಾತ್ರ. ಸತ್ಯನಾರಾಯಣ ಎಂಬ ಹೆಸರು 1991ರ ಕ್ಯಾಪ್ಸಿಕಂ ಸಮೀಕ್ಷೆಯಲ್ಲಿ ಬೇರೆ ಇಂಗ್ಲಿಷ್ ಕಾಗುಣಿತದಲ್ಲಿ ಅಚ್ಚಾಗಿದೆ. ಯಂತ್ರದ ಎಣಿಕೆಗೆ ಇದೊಂದೇ ಸಾಕು, ಒಬ್ಬರನ್ನು ಇಬ್ಬರಾಗಿಸಲು.

ಬ್ಯಾಡಗಿಗೆ ಈ ಚರಿತ್ರೆಯಲ್ಲಿ ಎಷ್ಟು ಪಾಲು? ನಾನು ಇಲ್ಲಿ ಹೆಸರಿಸಿದ ಪ್ರಯೋಗಗಳ ಶೀರ್ಷಿಕೆಗಳಲ್ಲಿ ‘ಕೆಂಪು ಮೆಣಸು’, ‘ಕ್ಯಾಪ್ಸೈಸಿನ್’, ‘ಸಾಂಬಾರ ಪದಾರ್ಥ’ ಎಂದಿದೆಯೇ ಹೊರತು ತಳಿಯ ಹೆಸರಿಲ್ಲ. ಇದು ಸಣ್ಣ ಕೊರತೆಯಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ, ಅದು ಡಬ್ಬಿ ಬಗೆಯಾಗಲಿ ಕಡ್ಡಿ ಬಗೆಯಾಗಲಿ, ಬೆಲೆ ಬರುವುದು ಗಾಢ ಕೆಂಪಿನಿಂದ, ಖಾರ ಕಡಿಮೆ. ಆ ಕೆಂಪು ಕ್ಯಾಪ್ಸಾಂತಿನ್ ಮೊದಲಾದ ಕ್ಯಾರೊಟಿನಾಯ್ಡ್‌ಗಳದ್ದು. ಜಗತ್ತಿನ ಗಮನ ಮಾತ್ರ ಖಾರದ ಕಡೆಗೇ ಹರಿಯಿತು. ಕ್ಯಾಪ್ಸೈಸಿನ್‌ಗೆ ಸ್ಪಂದಿಸುವ ನರಗ್ರಾಹಕದ ಬಗ್ಗೆ ‘ನೇಚರ್’ನಲ್ಲಿ 1997ರಲ್ಲಿ ಬಂದ ಲೇಖನ ಅಪಾರ ಉಲ್ಲೇಖ ಗಳಿಸಿತು, ಆ ಶೋಧಕ್ಕಾಗಿ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು.

ಹೀಗಾಗಿ ಕ್ಯಾಪ್ಸೈಸಿನ್ ಫಲಿತಾಂಶಗಳನ್ನು ತಂದು ಬ್ಯಾಡಗಿ ಮೆಣಸಿನಕಾಯಿ ಹೃದಯಕ್ಕೆ ಒಳ್ಳೆಯದೆಂದು ಸಾರುವುದು ಸರಿಯಲ್ಲ. ಇಲಿಯ ಫಲಿತಾಂಶ ಮನುಷ್ಯರದಾಗುವುದಿಲ್ಲ, ಖಾರದ ಫಲಿತಾಂಶ ಬಣ್ಣದ್ದಾಗುವುದಿಲ್ಲ. ಪ್ರಯೋಗಕ್ಕೆ ಬಳಸಿದ ಕಾಯಿ ಡಬ್ಬಿಯೋ ಕಡ್ಡಿಯೋ, ಅದರಲ್ಲಿ ಕ್ಯಾಪ್ಸೈಸಿನ್ ಎಷ್ಟು, ಬಣ್ಣದ ಮೌಲ್ಯ ಎಷ್ಟು ಎಂದು ಬರೆದಿಟ್ಟು, ಊಟದಲ್ಲಿ ಅದನ್ನು ನಿತ್ಯ ಬಳಸುವ ಜನರ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಅಳೆಯುವ ಅಧ್ಯಯನ ಬೇಕು. ಹಾವೇರಿಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ. ಬ್ಯಾಡಗಿಯ ಮಾರುಕಟ್ಟೆ ಅದೇ ಜಿಲ್ಲೆಯಲ್ಲಿದೆ. ಈ ಅಧ್ಯಯನಕ್ಕೆ ಅದಕ್ಕಿಂತ ಸೂಕ್ತ ಜಾಗ ನನಗೆ ಕಾಣದು.